ಮೂವತ್ತೇಳು ಹಕ್ಕಿಗಳ ಸಂತತಿ

ಅವ್ವ ನಮ್ಮಲ್ಲಿಗೆ ಬಂದ ಮರುದಿನ, ಊರಿನ ಹೊತ್ತು ಇನ್ನೂ ಮೈಯಿಂದ ಇಳಿದಿರಲಿಲ್ಲವಾದ್ದರಿಂದ, ಬೆಳಗಿನ ನಾಲ್ಕಕ್ಕೇ ಎದ್ದು ಅಡುಗೆಮನೆಯ ಕಿಟಕಿಯ ಬಳಿ ಕುಳಿತಿದ್ದಳು. ಬೆಳಕು ಹರಿಯುವ ಹೊತ್ತಿಗೆ ಅವಳು ನನ್ನನ್ನು ಕೂಗಿ ಕರೆದಳು. ಆ ಕೂಗಿನಲ್ಲಿ ಗಾಬರಿಯಿರಲಿಲ್ಲ, ಎಣಿಕೆ ತಪ್ಪಿಹೋದೀತೆಂಬ ಅವಸರವಿತ್ತು. ಹಿತ್ತಲಿನ ಬಿಳಿ ಪೈನ್ ಮರಗಳಿಂದ ದೊಡ್ಡ ದೊಡ್ಡ ಹಕ್ಕಿಗಳು ಒಂದರ ಹಿಂದೊಂದು ಧೊಪ್ಪನೆ ನೆಲಕ್ಕಿಳಿದು, ಮೈ ಕೊಡವಿಕೊಂಡು, ಇಬ್ಬನಿಯ ಹುಲ್ಲಿನ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವಳ ಲೆಕ್ಕದಲ್ಲಿ ಹದಿನೇಳು ಇದ್ದವು.

“ಇವು ಯಾರ ಮನೀವು?” ಎಂದು ಕೇಳಿದಳು.

“ಯಾರ ಮನೀವೂ ಅಲ್ಲವ್ವಾ. ಕಾಡಿನವು.”

“ಕಾಡು ಎಲ್ಲೈತಿ ಇಲ್ಲಿ?”

ಆ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ನೆನಪಿಲ್ಲ. ಸರಿಯಾದ ಉತ್ತರ ಕೊಟ್ಟಿರಲಿಲ್ಲವೆಂಬುದು ಮಾತ್ರ ನೆನಪಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನ ಪಶ್ಚಿಮಕ್ಕೆ, ಫ್ರೇಮಿಂಗ್‌ಹ್ಯಾಮ್ ಮತ್ತು ವುಸ್ಟರ್ ನಗರಗಳ ನಡುವಿನ ಒಂದು ಸಾಮಾನ್ಯ ಉಪನಗರದಲ್ಲಿ ನಾವು ಹನ್ನೊಂದು ವರ್ಷಗಳಿಂದ ಇದ್ದೇವೆ. ಇಲ್ಲಿನ ಮನೆಗಳ ಸುತ್ತ ಗೋಡೆಯಿಲ್ಲ, ಒಬ್ಬರ ಹುಲ್ಲಿನ ಅಂಗಳ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆಂಬುದು ಹುಲ್ಲು ಕತ್ತರಿಸುವ ದಿನ ಬಿಟ್ಟರೆ ಉಳಿದ ದಿನಗಳಲ್ಲಿ ತಿಳಿಯುವುದಿಲ್ಲ. ಮನೆಗಳ ಹಿಂದೆ ಓಕ್, ಮೇಪಲ್, ಪೈನ್ ಮರಗಳ ಪಟ್ಟಿಯೊಂದು ಬೀದಿಯಿಂದ ಬೀದಿಗೆ ಹಾದುಹೋಗುತ್ತದೆ. ಅವ್ವ ಎಣಿಸಿದ ಆ ಕಾಡು ಟರ್ಕಿ ಕೋಳಿಗಳು ಅದನ್ನೆಲ್ಲ ಒಂದೇ ಹೊಲವೆಂಬಂತೆ ಬಳಸುತ್ತವೆ. ಶಾಲಾ ಬಸ್ಸು ಬರುವ ಹೊತ್ತಿಗೆ ರಸ್ತೆ ದಾಟುತ್ತವೆ, ಕಾರುಗಳು ಎರಡೂ ಬದಿಯಲ್ಲಿ ನಿಂತು ಕಾಯುತ್ತವೆ, ಮುಂದಿನ ಹಕ್ಕಿ ಆಚೆ ದಡ ಸೇರಿದ ಮೇಲೂ ಕೊನೆಯದೊಂದು ರಸ್ತೆಯ ನಡುವೆ ನಿಂತು ಏನನ್ನೋ ಯೋಚಿಸುತ್ತಿರುತ್ತದೆ. ಇದೆಲ್ಲ ನನಗೆ ಎಷ್ಟು ಬಳಕೆಯಾಗಿತ್ತೆಂದರೆ, ಇವು ಎಂದೆಂದಿನಿಂದಲೂ ಇಲ್ಲೇ ಇದ್ದವೆಂದೇ ಭಾವಿಸಿದ್ದೆ. ಅವ್ವನ ಪ್ರಶ್ನೆಯ ಬೆನ್ನುಹತ್ತಿ ಓದತೊಡಗಿದ ಮೇಲೆಯೇ ಆ ಭಾವನೆ ತಪ್ಪೆಂದು ಗೊತ್ತಾದದ್ದು.

ಮೊದಲು ಹಕ್ಕಿಯ ವಿಷಯ. ದೂರದಿಂದ ನೋಡಿದರೆ ಕಪ್ಪು ಮುದ್ದೆಯೊಂದು ನಡೆದುಹೋಗುವಂತೆ ಕಾಣುವ ಹುಂಜ, ಓರೆಬಿಸಿಲು ಮೈಮೇಲೆ ಬಿದ್ದ ಗಳಿಗೆಯಲ್ಲಿ ತಾಮ್ರ, ಕಂಚು, ಹಸಿರು ಎಲ್ಲವನ್ನೂ ಒಟ್ಟಿಗೆ ಹೊತ್ತು ನಿಲ್ಲುತ್ತದೆ. ತಲೆ ಮತ್ತು ಕೊರಳಿನಲ್ಲಿ ಗರಿಯಿಲ್ಲ. ಕೊಕ್ಕಿನ ಮೇಲಿಂದ ಬೆರಳಿನಂತೆ ಮಾಂಸದ ಎಳೆಯೊಂದು ಜೋತುಬಿದ್ದಿರುತ್ತದೆ, ಎದೆಯ ನಡುವಿನಿಂದ ಕುದುರೆಬಾಲದ ಕೂದಲಿನಂಥ ಗಡ್ಡ ಇಳಿದಿರುತ್ತದೆ. ಬೆಳೆದ ಹುಂಜ ಏಳೆಂಟು ಕಿಲೋ ತೂಗಿದರೆ ಹೇಂಟೆ ಅದರ ಅರ್ಧದಷ್ಟು ಇರುತ್ತದೆ. ಇಷ್ಟು ಭಾರದ ಹಕ್ಕಿ ಹಾರಲಾರದೆಂದು ಅವ್ವ ಮೊದಲ ದಿನವೇ ತೀರ್ಮಾನಿಸಿದ್ದಳು. ಅಂದು ಸಂಜೆ ಹೊತ್ತು ಮುಳುಗಿದ ಮೇಲೆ ಅವು ಒಂದೊಂದೇ ಓಡಿಬಂದು, ರೆಕ್ಕೆಗಳನ್ನು ಕಂಬಳಿ ಕೊಡವಿದಂತೆ ಬಡಿಯುತ್ತ, ಮೂರಂತಸ್ತಿನ ಎತ್ತರದ ಕೊಂಬೆಗೆ ಏರಿ ಕುಳಿತದ್ದನ್ನು ನೋಡಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿಯಿಡೀ ಅವು ಮರದ ಮೇಲೆಯೇ ಇರುತ್ತವೆ. ಹಿಮ ಮೊಣಕಾಲುದ್ದ ಬಿದ್ದು ನೆಲ ಕೆದಕಲಾಗದ ದಿನಗಳಲ್ಲಿ ಹಗಲೂ ಕೆಳಗಿಳಿಯದೆ, ಉಪವಾಸವಿದ್ದು, ಗಾಳಿಗೆ ಎದೆಕೊಟ್ಟು ಕುಳಿತಿರುತ್ತವೆ.

ಹೆಸರಿನ ವಿಷಯದಲ್ಲಿ ಈ ಹಕ್ಕಿಗೆ ಆದಷ್ಟು ಅನ್ಯಾಯ ಬೇರೆ ಯಾವ ಹಕ್ಕಿಗೂ ಆಗಿರಲಿಕ್ಕಿಲ್ಲ. ಅಪ್ಪಟ ಅಮೆರಿಕದ ಹಕ್ಕಿಯಾದ ಇದನ್ನು ಇಂಗ್ಲಿಷರು ಟರ್ಕಿ ದೇಶದ ಹೆಸರಿನಿಂದ ಕರೆದರು, ಟರ್ಕಿಯವರು ‘ಹಿಂದಿ’ ಎಂದರು, ಫ್ರೆಂಚರು ‘ಇಂಡಿಯಾದ್ದು’ ಎಂಬ ಅರ್ಥದಲ್ಲಿ ‘ದಿಂದ್’ ಎಂದರು, ಪೋರ್ಚುಗೀಸರು ‘ಪೆರು’ ಎಂದರು. ನಮಗೂ ಇಂಗ್ಲಿಷಿನ ದಾರಿಯಲ್ಲೇ ಬಂದ ‘ಟರ್ಕಿ ಕೋಳಿ’ ಉಳಿಯಿತು. ಆದರೆ ಹಕ್ಕಿ ಮಾತ್ರ ಹೆಸರಿಗಿಂತ ಬಹಳ ಮೊದಲೇ ನಮ್ಮ ಕಡೆಗೆ ಬಂದಿತ್ತು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ, ನಮ್ಮ ಹಾವೇರಿಯಿಂದ ಒಂದು ಹಗಲಿನ ದಾರಿಯಾದ ಗೋವೆಯಲ್ಲಿ ಪೋರ್ಚುಗೀಸರಿಂದ ಪಡೆದ ವಿಚಿತ್ರ ಪ್ರಾಣಿಗಳನ್ನೆಲ್ಲ ಜಹಾಂಗೀರ್ ಬಾದಶಹನ ಮುಂದೆ ತಂದು ಒಪ್ಪಿಸಿದ, ಅವುಗಳಲ್ಲಿ ಟರ್ಕಿ ಹುಂಜವೂ ಒಂದು. ಬಾದಶಹ ಅದನ್ನು ಎಷ್ಟು ಗಮನವಿಟ್ಟು ನೋಡಿದನೆಂಬುದು ಅವನ ಆತ್ಮಕಥನದಲ್ಲೇ ಇದೆ: ಬೆದೆಗೆ ಬಂದಾಗ ನವಿಲಿನಂತೆ ಗರಿ ಬಿಚ್ಚಿ ಕುಣಿಯುತ್ತದೆ, ತಲೆ ಕೊರಳುಗಳ ಬಣ್ಣ ಒಮ್ಮೆ ಹವಳದಂತೆ ಕೆಂಪಾಗಿ, ಇನ್ನೊಮ್ಮೆ ಹತ್ತಿಯಂತೆ ಬೆಳ್ಳಗಾಗಿ, ಗೋಸುಂಬೆಯ ಹಾಗೆ ಬದಲಾಗುತ್ತಲೇ ಇರುತ್ತದೆ ಎಂದು ಬರೆದಿದ್ದಾನೆ. ಅವನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನಾನು ಅವ್ವನಿಗೆ ಕಂಪ್ಯೂಟರಿನಲ್ಲಿ ತೋರಿಸಿ, ಹಿತ್ತಲಿನ ಹುಂಜದ ಪಕ್ಕದಲ್ಲಿ ಹಿಡಿದಂತೆ ಹಿಡಿದೆ. ನಾಲ್ಕುನೂರು ವರ್ಷ ಹಳೆಯ ಆ ಚಿತ್ರದಲ್ಲಿ ಕೊರಳಿನ ಗಂಟುಗಂಟು ಚರ್ಮದ ಒಂದು ಮಡಿಕೆಯೂ ತಪ್ಪಿರಲಿಲ್ಲ.

‘ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ’ ಎಂಬ ಗಾದೆಯನ್ನು ಅವ್ವ ಈ ಹಕ್ಕಿಗೆ ಅನ್ವಯಿಸಲು ಒಪ್ಪಲೇ ಇಲ್ಲ. ಬಂಕಾಪುರದ ಕೋಟೆಯ ಹತ್ತಿರ ಹುಟ್ಟಿ ಬೆಳೆದವಳಾದ ಅವಳಿಗೆ ನವಿಲೆಂದರೆ ದಿನಬೆಳಗಿನ ಸಂಗತಿ. “ಇದು ಯಾರನ್ನೂ ನೋಡಿ ಕುಣಿಯೂದಿಲ್ಲ. ಇದರ ಕುಣತ ಇದರದ” ಎಂದಳು. ನವಿಲು, ನಮ್ಮ ಕಾಡುಕೋಳಿ, ಈ ಟರ್ಕಿ ಮೂರೂ ಒಂದೇ ಕುಟುಂಬಕ್ಕೆ ಸೇರಿದವೆಂದು ಪಕ್ಷಿಶಾಸ್ತ್ರ ಹೇಳುವುದನ್ನು ಅವಳಿಗೆ ನಾನು ಆಮೇಲೆ ತಿಳಿಸಿದೆ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ನಾವಿರುವ ನೆಲ ಇಲ್ಲಿನ ಮೂಲನಿವಾಸಿಗಳಾದ ನಿಪ್‌ಮಕ್ ಜನರದು. ಅವರೂ, ಕರಾವಳಿಯ ವಾಂಪನೋಗ್ ಜನರೂ ಟರ್ಕಿಯನ್ನು ಬೇಟೆಯಾಡಿ ತಿನ್ನುತ್ತಿದ್ದರು, ಅದರ ಗರಿಗಳನ್ನು ನಾರಿನಲ್ಲಿ ಒತ್ತಾಗಿ ಹೆಣೆದು ಚಳಿಗಾಲದ ಹೊದಿಕೆಗಳನ್ನು ಮಾಡಿಕೊಳ್ಳುತ್ತಿದ್ದರು. 1621ರ ಶರತ್ಕಾಲವನ್ನು ನೆನೆಯುತ್ತ ಇಂಗ್ಲೆಂಡಿನಿಂದ ಬಂದವರು ಕಟ್ಟಿದ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್, ಕಾಡು ಟರ್ಕಿಗಳು ಹೇರಳವಾಗಿದ್ದವೆಂದೂ ತಮ್ಮವರು ಬಹಳಷ್ಟನ್ನು ಹಿಡಿದರೆಂದೂ ಬರೆದಿಟ್ಟಿದ್ದಾನೆ. ವಿಚಿತ್ರವೆಂದರೆ ಇಲ್ಲಿಗೆ ವಲಸೆ ಬಂದ ಇಂಗ್ಲಿಷರು ಹಡಗಿನಲ್ಲಿ ಸಾಕು ಟರ್ಕಿಗಳನ್ನೂ ತಂದರು. ಮೆಕ್ಸಿಕೋದ ಜನ ಬಹಳ ಹಿಂದೆಯೇ ಪಳಗಿಸಿದ್ದ ಹಕ್ಕಿಯನ್ನು ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಯೂರೋಪಿಗೆ ಒಯ್ದಿದ್ದರು, ಅದೇ ಇಂಗ್ಲೆಂಡಿನ ಕೋಳಿಗೂಡುಗಳನ್ನು ಸುತ್ತಿ ಅಟ್ಲಾಂಟಿಕ್ ದಾಟಿ ಮರಳಿ ಬಂತು. ಒಂದೇ ಹಕ್ಕಿಯ ಎರಡು ರೂಪಗಳು, ಗೂಡಿನದೂ ಕಾಡಿನದೂ, ಇಲ್ಲಿ ಎದುರುಬದುರಾದವು. ಗೂಡಿನದು ಉಳಿಯಿತು.

ಕಾಡಿನದು ಅಳಿದ ಬಗೆಯನ್ನು ನಮ್ಮ ಮನೆಯ ಹಿಂದೆಯೇ ನೋಡಬಹುದು. ಆ ಮರಗಳ ಪಟ್ಟಿಯೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಸೊಂಟದೆತ್ತರದ ಕಲ್ಲುಗೋಡೆಯೊಂದು ಸಿಗುತ್ತದೆ. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಆ ಗೋಡೆ ಯಾವ ಮನೆಗೂ ಸೇರದೆ ಕಾಡಿನೊಳಗೆ ಹೋಗಿ ಮರೆಯಾಗುತ್ತದೆ. ಕಾಡಿನಲ್ಲಿ ಗೋಡೆ ಯಾರು ಕಟ್ಟುತ್ತಾರೆ ಎಂದು ಬಹಳ ವರ್ಷ ನಾನು ಕೇಳಿಕೊಂಡಿರಲಿಲ್ಲ. ಅದು ಹೊಲದ ಬದು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮ್ಯಾಸಚೂಸೆಟ್ಸಿನ ಬಹುಪಾಲು ನೆಲ ಬಯಲಾಗಿತ್ತು. ಉಳುಮೆಗೆ, ಕುರಿ ದನಗಳ ಮೇವಿಗೆ, ಒಲೆಯ ಸೌದೆಗೆ ಕಾಡನ್ನು ಕಡಿದು, ನೇಗಿಲಿಗೆ ಸಿಕ್ಕ ಕಲ್ಲುಗಳನ್ನು ಎತ್ತಿ ಬದುವಿಗೆ ಜೋಡಿಸುತ್ತ ಹೋದ ರೈತರ ಕೈಯ ಗುರುತು ಅದು. ಇರಲು ಮರವಿಲ್ಲ, ತಿನ್ನಲು ಓಕ್ ಬೀಜವಿಲ್ಲ, ಬೇಟೆಗೆ ಮಿತಿಯಿಲ್ಲ. ರಾಜ್ಯದ ಮೂಲ ಸಂತತಿಯ ಕೊನೆಯ ಟರ್ಕಿಯೆಂದು ದಾಖಲಾಗಿರುವ ಹಕ್ಕಿಯನ್ನು 1851ರಲ್ಲಿ ಕನೆಕ್ಟಿಕಟ್ ನದಿಯ ಬದಿಯ ಮೌಂಟ್ ಟಾಮ್ ಬೆಟ್ಟದಲ್ಲಿ ಕೊಂದರು. ಅಲ್ಲಿಂದ ಮುಂದೆ ನೂರಿಪ್ಪತ್ತು ವರ್ಷ ಈ ನೆಲದಲ್ಲಿ ಹುಂಜದ ಆ ಗುಳುಗುಳು ಕೂಗು ಕೇಳಲಿಲ್ಲ. 1621ರ ಆ ಶರತ್ಕಾಲದ ನೆನಪಿನಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಚರಿಸಿದ ಎಷ್ಟೋ ತಲೆಮಾರುಗಳು, ತಟ್ಟೆಯಲ್ಲಿದ್ದ ಹಕ್ಕಿಯ ಕಾಡಿನ ಬಂಧುವನ್ನು ಒಮ್ಮೆಯೂ ಕಾಣದೆ ಬಾಳಿ ಹೋದವು.

ಆಮೇಲೆ ಆದದ್ದು ಯಾರೂ ಯೋಜಿಸಿದ್ದಲ್ಲ. ಕಲ್ಲುನೆಲದ ಬೇಸಾಯ ಬಿಟ್ಟು ಕೆಲವರು ಪಶ್ಚಿಮದ ಮೆಕ್ಕಲು ಭೂಮಿಗೆ ಹೋದರು, ಕೆಲವರ ಮಕ್ಕಳು ಲೋವೆಲ್, ಲಾರೆನ್ಸ್‌ಗಳ ಬಟ್ಟೆ ಗಿರಣಿ ಸೇರಿದರು. ಬಿಟ್ಟ ಹೊಲಗಳಲ್ಲಿ ಮೊದಲು ಪೈನ್, ಅದರ ಹಿಂದೆ ಓಕ್ ಎದ್ದವು. ಇಂದು ದೇಶದಲ್ಲೇ ಅತ್ಯಂತ ಜನದಟ್ಟಣೆಯ ರಾಜ್ಯಗಳಲ್ಲಿ ಮೂರನೆಯದಾದ ಮ್ಯಾಸಚೂಸೆಟ್ಸಿನ ಅರ್ಧಕ್ಕಿಂತ ಹೆಚ್ಚು ನೆಲದ ಮೇಲೆ ಮರವಿದೆ. ಅವ್ವನ ಪ್ರಶ್ನೆಗೆ ಉತ್ತರವೂ ಅದೇ: ಕಾಡು ಮನೆಗಳ ನಡುವೆಯೇ ಇದೆ, ಒಮ್ಮೆ ಹೊಲವಾಗಿದ್ದು ಮತ್ತೆ ಕಾಡಾದ ನೆಲದೊಳಗೆ ನಾವು ಮನೆ ಕಟ್ಟಿಕೊಂಡಿದ್ದೇವೆ.

ಕಾಡು ತಾನಾಗಿ ಮರಳಿತು, ಹಕ್ಕಿ ಮರಳಲಿಲ್ಲ. ಅದನ್ನು ಮರಳಿ ತರಲು ಮನುಷ್ಯರು ಪಟ್ಟ ಪಾಡಿನ ಕತೆ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಹಿಡಿಸಿದ್ದು. 1911ರಿಂದ 1967ರವರೆಗೆ ಮತ್ತೆ ಮತ್ತೆ ಪ್ರಯತ್ನಗಳು ನಡೆದವು. ಫಾರ್ಮುಗಳಲ್ಲಿ ಮೊಟ್ಟೆಯೊಡೆಸಿ ಬೆಳೆಸಿದ ಹಕ್ಕಿಗಳನ್ನು ತಂದು ಕಾಡಿಗೆ ಬಿಟ್ಟರು. ಅವು ನೋಡಲು ಕಾಡಿನವುಗಳಂತೆಯೇ ಇದ್ದವು. ಕಾಡಿನಲ್ಲಿ ಮಾತ್ರ ಉಳಿಯಲಿಲ್ಲ. ಕಾಡು ಟರ್ಕಿಯ ಮರಿ ಹುಟ್ಟಿದ ದಿನದಿಂದ ತಾಯಿಯ ಬೆನ್ನುಹತ್ತಿರುತ್ತದೆ. ಮೊದಲ ಎರಡು ವಾರ ಹಾರಲಾಗದ ಮರಿಗಳನ್ನು ತಾಯಿ ನೆಲದ ಮೇಲೆ ರೆಕ್ಕೆಯಡಿಯಲ್ಲಿ ಮಲಗಿಸಿಕೊಳ್ಳುತ್ತದೆ, ರೆಕ್ಕೆ ಬಲಿತ ಕೂಡಲೇ ಕೊಂಬೆಗೇರುವುದನ್ನು ಕಲಿಸುತ್ತದೆ. ಯಾವ ಕೂಗಿಗೆ ಕಲ್ಲಿನಂತೆ ನಿಲ್ಲಬೇಕು, ಯಾವ ನೆರಳು ಗಿಡುಗನದು, ಹಿಮದಡಿಯ ಓಕ್ ಬೀಜವನ್ನು ಎಲ್ಲಿ ಕೆದಕಬೇಕು ಎಂಬ ವಿದ್ಯೆಯೆಲ್ಲ ತಾಯಿಯಿಂದ ಮರಿಗೆ ದಾಟುತ್ತದೆ. ಫಾರ್ಮಿನ ಹಕ್ಕಿಗಳಿಗೆ ಈ ಪರಂಪರೆ ಒಮ್ಮೆ ಕಡಿದುಹೋಗಿತ್ತು. ತಾಯಿಯಿಲ್ಲದೆ ಬೆಳೆದದ್ದು ತನ್ನ ಮರಿಗೆ ಏನನ್ನು ಕಲಿಸೀತು? ನರಿ, ಗೂಬೆ, ಚಳಿಗಳಿಗೆ ಅವು ತುತ್ತಾದವು. ಅರ್ಧ ಶತಮಾನದ ದುಡಿಮೆ ಹಾಗೆ ಹೋಯಿತು.

ಕೊನೆಗೆ ಕೈಗೂಡಿದ್ದು ಬೇರೆ ದಾರಿ. ಬೇರೆ ರಾಜ್ಯಗಳ ಕಾಡಿನಲ್ಲಿ ಉಳಿದಿದ್ದ ಕಾಡುಹಕ್ಕಿಗಳನ್ನೇ ಹಿಡಿದು ತರುವುದು. ಇಷ್ಟು ಎಚ್ಚರದ ಹಕ್ಕಿಯನ್ನು ಗಾಯವಾಗದಂತೆ ಹಿಡಿಯುವುದು ಹೇಗೆಂಬುದೇ ದೊಡ್ಡ ಸಮಸ್ಯೆಯಾಗಿತ್ತು. ಬಾತು ಹೆಬ್ಬಾತುಗಳನ್ನು ಹಿಡಿಯಲು ರೂಪಿಸಿದ್ದ ತೋಪುಬಲೆಯನ್ನು 1950ರ ದಶಕದಿಂದ ಟರ್ಕಿಗಳಿಗೆ ಬಳಸತೊಡಗಿದರು. ಬಯಲಿನ ಅಂಚಿನಲ್ಲಿ ಬಲೆಯನ್ನು ಮಡಿಸಿ ಎಲೆಗಳಡಿ ಮುಚ್ಚಿಟ್ಟು, ಮುಂದೆ ಕಾಳು ಚೆಲ್ಲಿ, ಮರೆಯಲ್ಲಿ ದಿನಗಟ್ಟಲೆ ಕಾದು, ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿರುವ ಒಂದು ಗಳಿಗೆಯಲ್ಲಿ ತೋಪುಗಳಿಂದ ಬಲೆಯನ್ನು ಅವುಗಳ ಮೇಲೆ ಹಾರಿಸುವುದು. ಹೀಗೆ ನ್ಯೂಯಾರ್ಕ್ ರಾಜ್ಯದಲ್ಲಿ ಹಿಡಿದ ಮೂವತ್ತೇಳು ಹಕ್ಕಿಗಳನ್ನು 1972 ಮತ್ತು 1973ರಲ್ಲಿ ಮ್ಯಾಸಚೂಸೆಟ್ಸಿನ ಪಶ್ಚಿಮ ತುದಿಯ ಬರ್ಕ್‌ಷೈರ್ ಬೆಟ್ಟಗಳಲ್ಲಿ, ಬೇರ್‌ಟೌನ್ ಅರಣ್ಯದಲ್ಲಿ ಬಿಟ್ಟರು. ಎಣಿಸಿ ನೋಡಿದರೆ ಒಂದು ಬಸ್ಸಿನಲ್ಲಿ ಕೂರುವಷ್ಟು ಹಕ್ಕಿಗಳು. 1978ರ ಹೊತ್ತಿಗೆ ಅವು ಸುಮಾರು ಸಾವಿರವಾದವು. 1979ರಿಂದ 1996ರವರೆಗೆ ಅಲ್ಲಿಂದಲೇ ಐನೂರಕ್ಕೂ ಹೆಚ್ಚು ಹಕ್ಕಿಗಳನ್ನು ರಾಜ್ಯದ ಉಳಿದ ಜಿಲ್ಲೆಗಳಿಗೆ, ನಮ್ಮ ವುಸ್ಟರ್ ಕಡೆಗೂ, ಸಾಗಿಸಿ ಬಿಟ್ಟರು. 1991ರಲ್ಲಿ ಇದು ರಾಜ್ಯದ ಅಧಿಕೃತ ಬೇಟೆಹಕ್ಕಿಯೆಂದು ಘೋಷಣೆಯಾಯಿತು. ಈಗ ರಾಜ್ಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಇವೆ. ನಮ್ಮ ಹಿತ್ತಲಿನ ಹದಿನೇಳು ಆ ಮೂವತ್ತೇಳರ ಮೊಮ್ಮಕ್ಕಳ ಮೊಮ್ಮಕ್ಕಳಿರಬೇಕೆಂದು ನಾನು ನಂಬಿದ್ದೇನೆ.

ಇದರಲ್ಲಿ ನನಗೆ ಒಪ್ಪಿಕೊಳ್ಳಲು ಕಷ್ಟವಾದ ಒಂದು ಸತ್ಯವಿದೆ. ಮರಳಿ ತರುವ ಈ ಕೆಲಸಕ್ಕೆ ದೇಶದಾದ್ಯಂತ ಹಣ ಬಂದದ್ದು ಬಹುಮಟ್ಟಿಗೆ ಬೇಟೆಗಾರರಿಂದ. ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆಂದೇ ತೆಗೆದಿರಿಸುವ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ 1937ರಿಂದ ಇದೆ. ಬೇಟೆಯ ಪರವಾನಗಿ ಶುಲ್ಕವೂ ಅದಕ್ಕೆ ಸೇರುತ್ತದೆ. 1980ರಲ್ಲಿ ಇಲ್ಲಿ ಟರ್ಕಿ ಬೇಟೆ ಮತ್ತೆ ಶುರುವಾಯಿತು, ಈಗಲೂ ಕಟ್ಟುನಿಟ್ಟಿನ ಮಿತಿಯಲ್ಲಿ ನಡೆಯುತ್ತಿದೆ. ಮಾಂಸ ಮುಟ್ಟದ ಮನೆಯಲ್ಲಿ ಬೆಳೆದ ನನಗೆ, ಬೆಳಗಾದರೆ ಕಿಟಕಿಯಾಚೆ ಕಾಣುವ ಈ ಸಂತೋಷದ ಹಿಂದೆ ಬಂದೂಕಿನ ದುಡ್ಡಿದೆಯೆಂದು ತಿಳಿದಾಗ ಮನಸ್ಸು ಇಬ್ಭಾಗವಾಯಿತು. ಆದರೂ ಸತ್ಯ ಸತ್ಯವೇ. ಈ ಹಕ್ಕಿಗಾಗಿ ನಾನು ಒಂದು ಡಾಲರನ್ನೂ ಕೊಟ್ಟಿರಲಿಲ್ಲ.

ದಟ್ಟ, ವಿಶಾಲ ಕಾಡಿಲ್ಲದೆ ಇವು ಬಾಳಲಾರವೆಂದೇ ಆಗಿನ ತಜ್ಞರು ಬಹುಮಟ್ಟಿಗೆ ನಂಬಿದ್ದರು. ಹಕ್ಕಿಗಳು ತಾವಾಗಿ ಪೂರ್ವಕ್ಕೆ ನಡೆದು, ಬ್ರೂಕ್‌ಲೈನ್, ಕೇಂಬ್ರಿಜ್‌ಗಳ ಪಾದಚಾರಿ ದಾರಿಗಳವರೆಗೂ ಬಂದು ಆ ಮಾತನ್ನು ಸುಳ್ಳು ಮಾಡಿದವು. ಕಾರಣಗಳು ಸರಳವಾಗಿವೆ. ಅವಕ್ಕೆ ಬೇಕಾದದ್ದು ಕಾಡಿನ ಅಂಚು, ಉಪನಗರವೆಂದರೆ ಅಂಚೇ. ರಾತ್ರಿಗೆ ಎತ್ತರದ ಮರ, ಹಗಲಿಗೆ ಹುಳುಹುಪ್ಪಟೆಯ ಹುಲ್ಲು, ಶರತ್ಕಾಲಕ್ಕೆ ಓಕ್ ಬೀಜ, ಚಳಿಗಾಲಕ್ಕೆ ಪಕ್ಷಿಪ್ರೇಮಿಗಳು ತೂಗುಹಾಕಿದ ಕಾಳಿನ ಡಬ್ಬಗಳಿಂದ ಉದುರಿದ್ದು. ವಾಸದ ಮನೆಯಿಂದ 500 ಅಡಿಯೊಳಗೆ ಮನೆಯವರ ಒಪ್ಪಿಗೆಯಿಲ್ಲದೆ ಬೇಟೆಯಾಡುವುದನ್ನು ರಾಜ್ಯದ ಕಾನೂನು ತಡೆಯುವುದರಿಂದ ಬಂದೂಕಿನ ಹೆದರಿಕೆಯೂ ಇಲ್ಲ.

ಇನ್ನು ನಮ್ಮ ತಪ್ಪಿನ ವಿಷಯ. ಊರಿನಲ್ಲಿ ಅವ್ವ ಸ್ನಾನವಾದ ಮೇಲೆ ಮಾಳಿಗೆಯ ಮೇಲೆ ಒಂದು ಹಿಡಿ ಕಾಳು ಚೆಲ್ಲದೆ ತಾನು ಬಾಯಿಗೆ ಏನನ್ನೂ ಹಾಕಿಕೊಂಡವಳಲ್ಲ. ಇಲ್ಲಿಯೂ ನವೆಂಬರಿನಲ್ಲಿ ಇಂಡಿಯನ್ ಅಂಗಡಿಯಿಂದ ತಂದ ಬಿಳಿಜೋಳವನ್ನು ಹಿತ್ತಲಿಗೆ ಚೆಲ್ಲತೊಡಗಿದಳು. ನಾನು ತಡೆಯಲಿಲ್ಲ. ಕಾಡುಪ್ರಾಣಿಗಳಿಗೆ ಆಹಾರ ಹಾಕಬೇಡಿರೆಂದು ರಾಜ್ಯದ ವನ್ಯಜೀವಿ ಇಲಾಖೆ ಮತ್ತೆ ಮತ್ತೆ ಹೇಳುವುದು ನನಗೆ ಗೊತ್ತಿತ್ತು. ಆದರೆ ಹಿಮದ ನಡುವೆ, ಮಾತಾಡಲು ನೆರೆಹೊರೆಯಿಲ್ಲದ ಬೀದಿಯಲ್ಲಿ, ಅವಳ ಮುಖ ಅರಳುತ್ತಿದ್ದುದು ಆ ಒಂದು ಹೊತ್ತಿನಲ್ಲಿ ಮಾತ್ರ. ಜನವರಿಯ ಹೊತ್ತಿಗೆ ಹಕ್ಕಿಗಳು ಅವಳ ಹೆಜ್ಜೆಯ ಸದ್ದನ್ನು ಗುರುತು ಹಿಡಿದವು. ಫೆಬ್ರವರಿಯಲ್ಲಿ ಗಾಜಿನ ಬಾಗಿಲಿಗೆ ಕೊಕ್ಕಿನಿಂದ ಬಡಿದು ಕರೆಯತೊಡಗಿದವು. ಅದನ್ನು ಪ್ರೀತಿಯೆಂದು ನಾವಿಬ್ಬರೂ ತಿಳಿದೆವು.

ಮಾರ್ಚಿನಲ್ಲಿ ಬೆದೆಯ ಕಾಲ ಶುರುವಾಯಿತು. ಗುಂಪಿನಲ್ಲಿ ಮೂರು ಹುಂಜಗಳು ಸದಾ ಒಟ್ಟಿಗಿರುತ್ತಿದ್ದವು. ಒಂದೇ ಹೇಂಟೆಯ ಮರಿಗಳಿರಬೇಕು. ಅವುಗಳಲ್ಲಿ ಎರಡು ಮೊದಲು ಕಾರಿನ ಬಾಗಿಲಿನಲ್ಲಿ ಕಂಡ ತಮ್ಮ ಪ್ರತಿಬಿಂಬದ ಮೇಲೆ ಎರಗಿದವು. ಒಂದು ವಾರದಲ್ಲಿ ಅಂಚೆ ತರುವ ಹೆಂಗಸಿನ ಬೆನ್ನುಹತ್ತಿದವು. ಎದುರುಮನೆಯ ಏಳು ವರ್ಷದ ಹುಡುಗ ಸೈಕಲ್ಲು ಬಿಸಾಡಿ ಅಳುತ್ತ ಮನೆಗೆ ಓಡಿದ. ಒಂದು ಬೆಳಿಗ್ಗೆ ಕಾಳಿನ ಬಟ್ಟಲು ಹಿಡಿದು ಹೊರಗೆ ಹೋದ ಅವ್ವನನ್ನೇ ಮೂರೂ ಸುತ್ತುವರಿದವು. ಹಿಂದೆ ಸರಿಯುವಾಗ ಅವಳು ಮೆಟ್ಟಿಲ ಮೇಲೆ ಜಾರಿ ಬಿದ್ದು, ಮುಂಗೈ ಊದಿಕೊಂಡು, ಮೂರು ವಾರ ಪಟ್ಟಿ ಕಟ್ಟಿಕೊಂಡಿರಬೇಕಾಯಿತು.

ಟರ್ಕಿಗಳ ಗುಂಪಿನಲ್ಲಿ ಯಾರು ಯಾರಿಗೆ ಬಗ್ಗಬೇಕೆಂಬ ಕ್ರಮ ಬಹಳ ಖಚಿತ. ಯಾವುದು ಮೊದಲು ಮೇಯಬೇಕು, ಯಾವುದು ದಾರಿ ಬಿಡಬೇಕು ಎಂಬುದನ್ನು ಕೊಕ್ಕು, ಮುಳ್ಳುಗಾಲು, ಎದೆಗಳಿಂದ ಪ್ರತಿದಿನ ಇತ್ಯರ್ಥ ಮಾಡಿಕೊಳ್ಳುತ್ತವೆ. ಮನುಷ್ಯರ ಸಲುಗೆ ಬೆಳೆದ ಹಕ್ಕಿಗೆ ಮನುಷ್ಯನೂ ಆ ಸಾಲಿನೊಳಗಿನ ಒಬ್ಬ. ಕಾಳು ಹಾಕಿ ಹಿಂದೆ ಸರಿಯುವವನು ಅದರ ಕಣ್ಣಿನಲ್ಲಿ ದಾನಿಯಲ್ಲ, ಸೋತವನು. ಅವ್ವ ಪ್ರತಿದಿನ ಕಾಳು ಚೆಲ್ಲಿ, ಅವು ಹೆದರದಿರಲೆಂದು ಮೆಲ್ಲಗೆ ಹಿಂದೆ ಸರಿದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಅವಳ ಮಟ್ಟಿಗೆ ಅದು ಮರ್ಯಾದೆ. ಹಕ್ಕಿಗಳು ಅದನ್ನು ಬೇರೆಯೇ ಅರ್ಥದಲ್ಲಿ ಓದಿಕೊಂಡವು.

ಪಕ್ಕದ ಮನೆಯ ವಯಸ್ಸಾದ ಹೆಂಗಸು ಸೂಪಿನ ಪಾತ್ರೆ ಹಿಡಿದು ಅವ್ವನನ್ನು ನೋಡಲು ಬಂದವರು, ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನು ಕಾಳು ಹಾಕಬೇಡಿ ಎಂದು ಬಹಳ ಮೆಲ್ಲಗೆ ಹೇಳಿದರು. ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಯಿತು. “ಹಸದ ಪ್ರಾಣಿಗೆ ಕಾಳು ಹಾಕೂದು ತಪ್ಪೇನು?” ಎಂದು ಅವಳು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಅವು ಹಸಿದಿರಲಿಲ್ಲ, ಹಿಮದಡಿಯ ಓಕ್ ಬೀಜಗಳಿಂದ ಸಾವಿರಾರು ವರ್ಷ ಬದುಕಿದ ಹಕ್ಕಿಗಳವು. ಆದರೆ ಇದನ್ನು ಹೇಳಿದರೆ, ಹಾಗಾದರೆ ಹಸಿದಿದ್ದವರು ಯಾರು ಎಂಬ ಪ್ರಶ್ನೆ ನಮ್ಮಿಬ್ಬರ ನಡುವೆ ಬಂದು ನಿಲ್ಲುತ್ತಿತ್ತು. ನಾನು ಸುಮ್ಮನಾದೆ. ಉತ್ತರ ಕೊನೆಗೆ ಅವಳಿಂದಲೇ ಬಂತು. ಬಂಕಾಪುರದ ಹತ್ತಿರ ನನ್ನ ಸೋದರಮಾವನ ಹೊಲವಿದೆ. ಬಿತ್ತಿದ ಶೇಂಗಾ ಬೀಜವನ್ನು ನವಿಲುಗಳು ಸಾಲು ಹಿಡಿದು ಹೆಕ್ಕುತ್ತವೆ. ಕೋಟೆಯ ಆವರಣ 2006ರಿಂದ ನವಿಲುಧಾಮ, ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಪೂರ್ಣ ರಕ್ಷಣೆ ಅದಕ್ಕಿದೆ. ಮಾವ ಪ್ರತಿವರ್ಷ ಬೈಯುತ್ತಾನೆ, ಡಬ್ಬ ಬಡಿದು ಓಡಿಸುತ್ತಾನೆ, ವಿಷವಿಡಲು ಹೇಳಿದವನನ್ನು ಮಾತ್ರ ಹೊಲದೊಳಗೆ ಬಿಟ್ಟುಕೊಳ್ಳುವುದಿಲ್ಲ. “ನಮ್ಮಣ್ಣ ಓಡಿಸ್ತಾನ, ಕೊಲ್ಲಂಗಿಲ್ಲ. ಹಂಗ ಇರಬೇಕೇನು ನಾವೂ?” ಎಂದಳು. ಹೌದೆಂದೆ.

ಓಡಿಸುವುದು ಇಲಾಖೆ ಹೇಳುವ ಮದ್ದೂ ಹೌದು. ಹೆದರಿ ಓಡಬಾರದು, ಎದುರು ನಿಲ್ಲಬೇಕು, ಕೈಯೆತ್ತಿ ಗದ್ದಲ ಮಾಡಬೇಕು, ಪೊರಕೆ ಬೀಸಬೇಕು, ಪೈಪಿನಿಂದ ನೀರು ಹಾರಿಸಬೇಕು, ಹೊಳೆಯುವ ಗಾಜನ್ನೂ ಕಾರಿನ ಬಾಗಿಲನ್ನೂ ಮುಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಇಡೀ ಬೀದಿ ಒಂದಾಗಿ ಮಾಡಬೇಕು. ಹಿಡಿದು ಬೇರೆಡೆ ಬಿಡುವಂತಿಲ್ಲ, ಇಲ್ಲಿನ ಕಾನೂನು ಅದನ್ನು ನಿಷೇಧಿಸಿದೆ. ಬೀದಿಯವರೆಲ್ಲ ಒಪ್ಪಿದರು. ಏಪ್ರಿಲ್ ಮೊದಲ ವಾರ ಊರಿಗೆ ಹೊರಡುವವರೆಗೂ ಅವ್ವ ಪಟ್ಟಿ ಕಟ್ಟದ ಕೈಯಲ್ಲಿ ಕಸಬರಿಗೆ ಹಿಡಿದು ದಿನಕ್ಕೆ ಎರಡು ಸಲ ಹಿತ್ತಲಿಗೆ ಇಳಿಯುತ್ತಿದ್ದಳು. ತಾನೇ ಸಲಿಗೆ ಬೆಳೆಸಿದ ಹಕ್ಕಿಗಳ ಮೇಲೆ ಅದನ್ನು ಬೀಸುತ್ತ, “ಹೋಗ್ರಿ, ನಿಮ್ಮ ಹಾದಿ ನೀವು ಹಿಡೀರಿ” ಎನ್ನುತ್ತಿದ್ದಳು. ಒಳಗೆ ಬಂದು ಕುಳಿತಾಗ ಅವಳ ಕಣ್ಣು ಒದ್ದೆಯಾಗಿರುತ್ತಿತ್ತು. ಚಳಿಗೆ, ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಆ ಮೂರು ಹುಂಜಗಳ ಕುಣಿತವನ್ನು ನಾನೊಬ್ಬನೇ ಗಾಜಿನ ಹಿಂದಿನಿಂದ ನೋಡಿದೆ. ಮೂರೂ ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಎಳೆಯುತ್ತ, ಒಂದೇ ತಾಳಕ್ಕೆ ತಿರುಗುತ್ತಿದ್ದವು. ಆದರೆ ಹೇಂಟೆಯನ್ನು ಕೂಡಿದ್ದು ಯಾವಾಗಲೂ ಒಂದೇ. ಉಳಿದೆರಡು ಇನ್ನೊಂದು ಗುಂಪಿನ ಹುಂಜ ಬಂದರೆ ಓಡಿಸಿ, ಮರಳಿ ಬಂದು ಅಣ್ಣನ ಪಕ್ಕದಲ್ಲಿ ನಿಲ್ಲುತ್ತಿದ್ದವು. ಕ್ಯಾಲಿಫೋರ್ನಿಯಾದ ಕಾಡು ಟರ್ಕಿಗಳನ್ನು ಅಭ್ಯಾಸ ಮಾಡಿದ ಅಲನ್ ಕ್ರಾಕವರ್ ಎಂಬ ವಿಜ್ಞಾನಿ 2005ರಲ್ಲಿ ಪ್ರಕಟಿಸಿದ ಶೋಧನೆ ಇದನ್ನು ವಿವರಿಸುತ್ತದೆ. ಜೊತೆಗೂಡಿ ಕುಣಿಯುವ ಹುಂಜಗಳು ರಕ್ತಸಂಬಂಧಿಗಳು. ತಮಗೆ ಮರಿಯಾಗದಿದ್ದರೂ ಜೊತೆಯವನಿಗೆ ಹೆಚ್ಚು ಮರಿಗಳಾಗುವುದರಿಂದ ಅವರ ವಂಶದ ಪಾಲು ಉಳಿಯುತ್ತದೆ. ಅವಿಭಕ್ತ ಕುಟುಂಬದಲ್ಲಿ ಹುಟ್ಟಿದ ನನಗೆ ಈ ಲೆಕ್ಕ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಗುಂಪಿನ ಬಹುಪಾಲು ಹಕ್ಕಿಗಳು ಮೇ ಹೊತ್ತಿಗೆ ಮೊದಲಿನಂತೆ ದೂರ ಉಳಿಯುವುದನ್ನು ಕಲಿತವು. ಅಣ್ಣನಲ್ಲದ ಎರಡರಲ್ಲಿ ಒಂದು ಕಲಿಯಲಿಲ್ಲ. ಮೇ ತಿಂಗಳ ಕೊನೆಯ ವಾರ ಅದು ರಸ್ತೆಬದಿಯಲ್ಲಿ ನಿಂತಿದ್ದ ಕಾರಿನ ಬಾಗಿಲಿನೊಳಗಿನ ಹುಂಜದೊಂದಿಗೆ ಸೆಣಸುತ್ತಿದ್ದಾಗ ಹಿಂದಿನಿಂದ ಬಂದ ಇನ್ನೊಂದು ಕಾರಿಗೆ ಸಿಕ್ಕು ಸತ್ತಿತು. ನಾನು ಹೋಗುವ ಹೊತ್ತಿಗೆ ಉಳಿದೆರಡು ಅದರ ಸುತ್ತ ನಿಧಾನವಾಗಿ ಸುತ್ತುತ್ತಿದ್ದವು. 2017ರ ಮಾರ್ಚಿನಲ್ಲಿ ಬಾಸ್ಟನ್ನಿನ ದಕ್ಷಿಣದ ರ‍್ಯಾಂಡಾಲ್ಫ್ ಊರಿನಲ್ಲಿ ಟರ್ಕಿಗಳ ಹಿಂಡೊಂದು ರಸ್ತೆಯ ಮೇಲೆ ಸತ್ತ ಬೆಕ್ಕಿನ ಸುತ್ತ ವೃತ್ತವಾಗಿ ನಡೆದ ದೃಶ್ಯ ಜಗತ್ತೆಲ್ಲ ಹರಡಿತ್ತು. ಅಪಾಯವನ್ನು ಪರೀಕ್ಷಿಸುವ ಎಚ್ಚರವೋ, ಮುಂದಿನದರ ಬಾಲ ಹಿಡಿದು ನಡೆಯುವ ಅಭ್ಯಾಸವೋ ಇರಬೇಕೆಂದು ತಿಳಿದವರು ಹೇಳಿದ್ದರು. ನಾನು ಕಂಡದ್ದೂ ಅದೇ ಇರಬಹುದು. ಅದಕ್ಕೆ ದುಃಖದ ಹೆಸರಿಡುವ ಹಕ್ಕು ನನಗಿಲ್ಲ. ನನ್ನ ದುಃಖಕ್ಕೆ ಮಾತ್ರ ಹೆಸರಿತ್ತು. ತಿಳಿದೂ ತಿಳಿದೂ ಕಾಳು ಚೆಲ್ಲಲು ಬಿಟ್ಟವನು ನಾನು. ನೂರಿಪ್ಪತ್ತು ವರ್ಷ ಇಲ್ಲದಿದ್ದು, ಎಷ್ಟೋ ಜನರ ಕಾಯುವಿಕೆಯಿಂದ ಮರಳಿದ ಸಂತತಿಯ ಒಂದು ಹಕ್ಕಿ ನನ್ನ ಸಡಿಲಿನಿಂದ ಹೋಯಿತು.

ಅವ್ವನಿಗೆ ಇದನ್ನು ಎರಡು ತಿಂಗಳು ಹೇಳಲಿಲ್ಲ. ಹೇಳಿದ ದಿನ ಫೋನಿನಲ್ಲಿ ಬಹಳ ಹೊತ್ತು ಅವಳ ಉಸಿರು ಮಾತ್ರ ಕೇಳಿಸಿತು. ಆಮೇಲೆ, “ಅದರ ಜೋಡಿನವು ಎರಡು ಅದಾವಲ್ಲ?” ಎಂದಳು.

ಅದಕ್ಕೆ ಈಗ ಮೂರು ವರ್ಷ. ಕಳೆದ ಭಾನುವಾರ ಅವಳು ಫೋನು ಮಾಡಿದಾಗ ಇಲ್ಲಿ ಸಂಜೆಗತ್ತಲು, ಅಲ್ಲಿ ಬೆಳಗಾಗುತ್ತಿತ್ತು. ಅವಳ ಕಡೆಯಿಂದ ಕೋಟೆಯ ನವಿಲೊಂದು ಕೂಗುವುದು ಕೇಳಿಸುತ್ತಿತ್ತು. “ಈ ಸಲ ಎಷ್ಟದಾವ?” ಎಂದು ಕೇಳಿದಳು. ಒಳಗಿನ ದೀಪ ಆರಿಸಿ, ಪರದೆಯ ಸಂದಿಯಿಂದ ನೋಡುತ್ತ, ಪೈನ್ ಮರಕ್ಕೆ ಒಂದೊಂದು ಏರಿದಂತೆಲ್ಲ ಅವಳಿಗೆ ಕೇಳುವಂತೆ ಎಣಿಸಿದೆ. ಹನ್ನೊಂದಕ್ಕೆ ನಿಂತಿತೆಂದುಕೊಂಡೆ. ಅಷ್ಟರಲ್ಲಿ ಕಲ್ಲುಗೋಡೆಯ ಕಡೆಯಿಂದ ಇನ್ನೊಂದು ಓಡಿಬಂದು, ರೆಕ್ಕೆ ಬಡಿದು, ಕೊಂಬೆ ಸಿಗದೆ ಕೆಳಗಿಳಿದು, ಮತ್ತೆ ಬಡಿದು ಮೇಲೇರಿತು.

“ಹನ್ನೆರಡು” ಎಂದೆ.